ಐದು ಕಲ್ಲಿಗೊಂದು ಸೀರೆ

ಖರ್ಚು ಎಷ್ಟಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಡಗಾವಿಯ ನಮ್ಮ ಮನೆಯಿಂದ ಮೂರು ಓಣಿ ದಾಟಿದರೆ ನೀರಿನ ಟಾಕಿಯ ಹಿಂದೆ ಒಂದು ಗಾರ್ಡನ್ ಇದೆ. ಅದಕ್ಕೆ ಟಿಕೆಟ್ ಇಲ್ಲ, ಗೇಟಿನಲ್ಲಿ ತಡೆಯುವವರಿಲ್ಲ, ಒಳಗೆ ಕೊಳ್ಳುವಂಥದ್ದೂ ಏನಿಲ್ಲ. ಅಂಥ ಜಾಗದಲ್ಲಿ ಐದು ದಿನ ಓಡಾಡಿದ್ದಕ್ಕೆ ನಾನು ತೆತ್ತದ್ದು ಎಡಗಾಲಿನ ಒಂದು ಚಪ್ಪಲಿ, ಮೂವತ್ತು ವರ್ಷ ಗಳಿಸಿದ ಹೆಸರು ಮತ್ತು ವಾರದ ಐದು ಮಧ್ಯಾಹ್ನ. ಚಪ್ಪಲಿ ಹೋಗಲಿ, ಹೇಗೂ ಅದರ ಉಂಗುಟ ಕಿತ್ತಿತ್ತು. ಹೆಸರೂ ಹೋಗಲಿ, ಅದನ್ನು ಉಟ್ಟುಕೊಳ್ಳಲಾಗುವುದಿಲ್ಲ. ಆದರೆ ಆ ಮಧ್ಯಾಹ್ನಗಳನ್ನು ಮಾತ್ರ ಇನ್ನೂ ಲೆಕ್ಕದಿಂದ ಹೊಡೆದುಹಾಕಲು ಆಗಿಲ್ಲ. ಇಷ್ಟೆಲ್ಲ ಯಾಕೆ ಹೋಯಿತು ಎಂದು ಕೇಳಿದರೆ ಒಂದೇ ಉತ್ತರ: ಪುಕ್ಕಟೆ ಎಂಬ ಕಾರಣಕ್ಕೆ ನಾನು ಆ ಗಾರ್ಡನ್ನನ್ನು ಆರಿಸಿದ್ದೆ.

ನಾನು ಸೀರೆ ಮಾರುವವಳು. ಹೆಸರು ಗಂಗವ್ವ. ವಡಗಾವಿಯ ಓಣಿಗಳಲ್ಲಿ ಗಂಗಕ್ಕ ಬಂದಳು ಎಂದರೆ ಮಗ್ಗದ ಮನೆಯವರು ಎದ್ದು ನಿಲ್ಲುತ್ತಾರೆ. ಗೌರವದಿಂದಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು. ಮಗ ಮಹಾಂತೇಶನಿಗೆ ನಾಲ್ಕು ತುಂಬುವ ಮೊದಲೇ ಯಜಮಾನರು ತೀರಿಹೋದರು. ಆರು ಸೀರೆಯ ಗಂಟು ತಲೆಯ ಮೇಲಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದವಳು ನಾನು. ಖಾನಾಪುರದ ಸಂತೆ, ಸುತ್ತಲಿನ ಹಳ್ಳಿಗಳು, ರೈಲಿನಲ್ಲಿ ಲೋಂಡಾದವರೆಗೂ ಗಂಟು ಹೊತ್ತಿದ್ದೇನೆ. ಮಗನನ್ನು ಪಕ್ಕದ ಮನೆಯ ಅಜ್ಜಿಯೊಬ್ಬರು ಸಾಕಿದರು ಎನ್ನಬೇಕು. ಅವನು ಮೊದಲ ಸಲ ಸಾಲಿಗೆ ಹೋದ ದಿನ ನಾನು ಲೋಂಡಾ ಸ್ಟೇಶನ್ನಿನಲ್ಲಿ ತಪ್ಪಿಹೋದ ರೈಲಿಗೆ ಬೈಯುತ್ತ ಕೂತಿದ್ದೆ. ಈಗ ಕಾಲು ಕೇಳುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಎರಡು ಕಪಾಟು, ಒಂದು ಜಮಖಾನೆ, ಇಷ್ಟೇ ಅಂಗಡಿ. ಮಗ ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾನೆ.

ಸೀರೆಯ ವ್ಯಾಪಾರದಲ್ಲಿ ನನ್ನ ಗುರು ಖಾನಾಪುರದ ಒಬ್ಬ ಗಿರಾಕಿ. ಸಂತೆಗೆ ಹೋಗತೊಡಗಿದ ಹೊಸದರಲ್ಲಿ ಆಕೆ ಬಂದು ಹಸಿರು ಸೀರೆಯೊಂದನ್ನು ಎತ್ತಿ, "ಮಾವಶಿ, ಜರಾ ಕಮೀ ಕರಾ ಕೀ" ಎಂದು ಮರಾಠಿಯಲ್ಲಿ ಕೇಳಿದಳು. ಕಡಿಮೆ ಮಾಡು ಎಂದು. ಆಗುವುದಿಲ್ಲ ಎಂದೆ. ಆಕೆ ಸೀರೆಯನ್ನು ಮಡಚಿಟ್ಟು ಎದ್ದು ನಡೆದಳು. ಒಂದು ಹೆಜ್ಜೆ, ಎರಡು, ಐದು, ಏಳು. ಏಳನೆಯದಕ್ಕೆ ನನ್ನ ಎದೆ ಒಡೆಯಿತು. "ಅಕ್ಕಾ, ಬರ್ರಿ, ಬರ್ರಿ!" ಎಂದು ಕೂಗಿಬಿಟ್ಟೆ. ಕೂಗಿದವರು ಸೋತ ಹಾಗೆ ಎಂಬುದು ಅವತ್ತು ತಿಳಿಯಿತು. ಅಂದಿನಿಂದ ಕೊಳ್ಳುವಾಗ ನಾನು ಎದ್ದು ನಡೆಯುತ್ತೇನೆ. ತಿರುಗಿ ನೋಡಬಾರದು. ಮೆತ್ತಗಿನವರು ಐದನೆಯ ಹೆಜ್ಜೆಗೆ ಕರೆಯುತ್ತಾರೆ, ಗಟ್ಟಿಗರು ಹನ್ನೊಂದಕ್ಕೆ. ಮಾರುವಾಗ ಇದಕ್ಕೆ ಇನ್ನೊಂದು ಮದ್ದು: ಗಿರಾಕಿ ಎದ್ದು ನಡೆದಳೋ, ನೀವೂ ಗಂಟು ಕಟ್ಟಿ ಆಚೆ ದಿಕ್ಕಿಗೆ ನಡೆದುಬಿಡಬೇಕು. ಆಗ ಆಕೆಯೇ ಓಡಿ ಬರುತ್ತಾಳೆ. ಈ ಎರಡು ವಿದ್ಯೆಗಳಿಂದ ನಾನು ಮನೆ ಕಟ್ಟಿದೆ, ಮಗನ ಮದುವೆ ಮಾಡಿದೆ. ಎರಡೂ ಒಂದೇ ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಸೊಸೆ ಸವಿತಾಳಿಗೆ ಖಾನಾಪುರದ ಒಂದು ಸೊಸೈಟಿಯಲ್ಲಿ ಕ್ಲರ್ಕ್ ಕೆಲಸ ಸಿಕ್ಕಿತು. ಬೆಳಗಿನ ಬಸ್ಸಿಗೆ ಹೋದರೆ ಮನೆ ಸೇರುವುದು ಸಂಜೆ ಆರೂವರೆಗೆ. ಮೊಮ್ಮಗಳು ಸಾನ್ವಿಗೆ ನಾಲ್ಕು ವರ್ಷ, ಎಲ್‌ಕೆಜಿ. ಅವಳ ಸಾಲಿ ಮಧ್ಯಾಹ್ನ ಹನ್ನೆರಡೂವರೆಗೇ ಬಿಡುತ್ತದೆ. ಅಲ್ಲಿಂದ ಆರೂವರೆಯವರೆಗೆ ಮಗು ಯಾರ ಹತ್ತಿರ? ಮನೆಯಲ್ಲಿ ನಾನು ಕಂಬದ ಹಾಗೆ ಕೂತಿರುವಾಗ ಇದೂ ಒಂದು ಪ್ರಶ್ನೆಯೇ ಎಂದು ನಾನಂದುಕೊಂಡೆ. ಸವಿತಾ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತ ನಿಧಾನಕ್ಕೆ ಹೇಳಿದಳು: "ಅತ್ತೀ, ಒಂದು ವಾರ ನೋಡೂಣ್ರಿ. ನಿಮಗೂ ತ್ರಾಸ ಆಗಬಾರದು, ಆಕಿಗೂ ಆಗಬಾರದು. ಹೊಂದಲಿಲ್ಲಂದ್ರ ಸಾಲಿ ಬಾಜೂಕ ಡೇ ಕೇರ್ ಐತಿ."

ನನ್ನನ್ನು ವಾರದ ಮಟ್ಟಿಗೆ ಪರೀಕ್ಷೆಗೆ ಇಟ್ಟಿದ್ದಳು. ನಾನು ಗಿರಾಕಿಗೆ ಸೀರೆಯ ತುದಿ ನೀರಿನಲ್ಲಿ ಅದ್ದಿ ಬಣ್ಣ ಬಿಡುವುದಿಲ್ಲ ಎಂದು ತೋರಿಸುತ್ತೇನಲ್ಲ, ಹಾಗೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಗನ ಬಾಲ್ಯವನ್ನು ಗಂಟು ಹೊರುವುದರಲ್ಲಿ ಕಳೆದುಕೊಂಡವಳು ನಾನು. ಈ ಹುಡುಗಿಯ ಮಧ್ಯಾಹ್ನಗಳಾದರೂ ನನಗೆ ಬೇಕಿದ್ದವು, ಎಷ್ಟು ಬೇಕಿದ್ದವು ಎಂದರೆ ಬಾಯಿಬಿಟ್ಟು ಹೇಳಲು ಹೆದರಿಕೆಯಾಗುವಷ್ಟು. ಬೇಕು ಎಂಬುದು ಮುಖದಲ್ಲಿ ಕಂಡರೆ ಬೆಲೆ ಏರುತ್ತದೆ. ಅದಕ್ಕೇ, "ಹೂಂ, ನೋಡೂಣಂತ" ಎಂದಷ್ಟೇ ಹೇಳಿ ಸೀರೆ ಮಡಚುತ್ತ ಕೂತೆ.

ಮಗುವನ್ನು ಎಲ್ಲಿಗೆ ಕರೆದೊಯ್ಯುವುದು? ಹಿಂದಿನ ಭಾನುವಾರ ಎಲ್ಲರೂ ಪುಟಾಣಿ ರೈಲು ಇರುವ ದೊಡ್ಡ ಗಾರ್ಡನ್ನಿಗೆ ಹೋಗಿದ್ದೆವು. ಗೇಟಿನಿಂದ ರೈಲಿನವರೆಗೆ ಹೋಗುವಷ್ಟರಲ್ಲಿ ಪುಗ್ಗಾ, ಭೇಲ್, ಗಿರಗಿಟ್ಟಲೆ, ಬಣ್ಣದ ಐಸು. ಎಲ್ಲ ಮಾರುವವರೂ ನಮ್ಮ ಸಾನ್ವಿಯ ಹೆಸರು ಕೇಳಿಕೊಂಡೇ ಬಂದು ನಿಂತಂತಿತ್ತು. ಆದ್ದರಿಂದ ಟಾಕಿಯ ಹಿಂದಿನ ಗಾರ್ಡನ್ ನೆನಪಾಯಿತು. ಇಪ್ಪತ್ತು ವರ್ಷ ಅದರ ಗೋಡೆಯ ಪಕ್ಕದಲ್ಲೇ ಓಡಾಡಿದ್ದರೂ ಯಾವುದೋ ಗೋದಾಮು ಎಂದುಕೊಂಡಿದ್ದೆ. ಸೋಮವಾರ ಗೇಟಿನಲ್ಲಿ ನಿಂತು ನೋಡಿದರೆ, ಒಬ್ಬನೇ ಒಬ್ಬ ಪುಗ್ಗಾದವನಿಲ್ಲ, ಶೇಂಗಾದವನಿಲ್ಲ. ನನಗೆ ಬಂಗಾರ ಸಿಕ್ಕ ಹಾಗಾಯಿತು. ಮೂವತ್ತು ವರ್ಷ ಸಂತೆ ಮಾಡಿದವಳಿಗೆ ಒಂದು ಮಾತು ಹೊಳೆಯಬೇಕಿತ್ತು. ಶೇಂಗಾದವನು ನಿಲ್ಲದ ಜಾಗದಲ್ಲಿ ಜನರಿಲ್ಲ, ಜನರಿಲ್ಲದಲ್ಲಿ ಏನಾದರೂ ಆದರೆ ನೋಡಿದವರೂ ಇರುವುದಿಲ್ಲ. ಹೊಳೆಯಲಿಲ್ಲ.

ಒಳಗೆ ಇದ್ದದ್ದು ಹೇಳುತ್ತೇನೆ. ಒಂದು ಜಾರುಬಂಡೆ, ಅದರ ತುದಿಯಲ್ಲಿ ತುಕ್ಕು ತಿಂದು ತಾಟಿನಗಲ ತೂತು. ಜೋಕಾಲಿಯ ಸರಪಳಿ ಇತ್ತು, ಕೂರುವ ಹಲಗೆ ಇರಲಿಲ್ಲ. ನಡುವೆ ನೀರಿಲ್ಲದ ಕಾರಂಜಿ, ಅದರೊಳಗೆ ಯಾರದೋ ಮನೆಯ ಹಳೆಯ ಗಾದಿ. ಎಲ್ಲೆಲ್ಲೂ ಮೊಣಕಾಲೆತ್ತರದ ಹುಲ್ಲು. ಒಂದು ಸಿಮೆಂಟಿನ ಆನೆ, ಸೊಂಡಿಲು ಮುರಿದದ್ದು. ಯಾವುದೋ ಗಟಾರದ ಕೆಲಸಕ್ಕೆ ತಂದು ಮರೆತುಬಿಟ್ಟ ದೊಡ್ಡ ಸಿಮೆಂಟ್ ಪೈಪು ಒಂದು, ಮಗು ಎದ್ದು ನಿಲ್ಲುವಷ್ಟು ಎತ್ತರ. ಅದರ ಪಕ್ಕದಲ್ಲಿ ಬಾದಾಮಿ ಗಿಡ, ಕೆಳಗೆಲ್ಲ ಅಂಗೈಗಿಂತ ದೊಡ್ಡ ಕೆಂಪು ಎಲೆ. ನಾನಾಗಿದ್ದರೆ ಇಡೀ ಜಾಗವನ್ನು ಗುಜರಿಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ಸಾನ್ವಿ ಗೇಟಿನಲ್ಲಿ ನಿಂತು, ಎರಡೂ ಕೈ ಎದೆಯ ಮೇಲಿಟ್ಟುಕೊಂಡು, "ಆಯಿ, ಇದೆಲ್ಲಾ ನಮ್ಮದ?" ಎಂದಳು.

ಆನೆಯ ಮುಂದೆ ಬಹಳ ಹೊತ್ತು ನಿಂತಳು. "ಆಯಿ, ಇದರ ಸೊಂಡಿ ಎಲ್ಲೈತಿ?"

"ಮಾರ್ಯಾರ" ಎಂದೆ.

"ಎಷ್ಟಕ್ಕ?"

"ಭಾಳ ಕಮ್ಮಿಗೆ ಕೊಟ್ಟಾರ. ಅದಕ್ಕ ಮಾರಿ ಹಂಗ ಮಾಡೇತಿ ನೋಡು."

ಮಗು ಗಂಭೀರವಾಗಿ ತಲೆಯಾಡಿಸಿದಳು. ನನಗೆ ಹೆಮ್ಮೆಯೆನಿಸಿತು. ಬುದ್ಧಿ ನನ್ನದೇ ಬಂದಿದೆ ಎಂದುಕೊಂಡೆ.

ಅಲ್ಲಿನ ಮಾಲಿ ಒಬ್ಬ ವಯಸ್ಸಾದ ಮನುಷ್ಯ. ವಾರಕ್ಕೆ ಎರಡು ಮೂರು ದಿನ ಬಂದು ಬೇವಿನ ಗಿಡದ ಕೆಳಗೆ ಮಲಗುವುದು ಆತನ ಕೆಲಸ. ಮಂಗಳವಾರ ನಮ್ಮನ್ನು ಕಂಡು ಗಾಬರಿಯಿಂದ ಎದ್ದು ಕೂತ. "ಅಕ್ಕಾರ, ದಾರಿ ತಪ್ಪಿ ಬಂದ್ರೇನ್ರಿ? ಇಲ್ಲಿ ಮಂದಿ ಬರಂಗಿಲ್ರಿ. ಆಡು ಬರ್ತಾವ."

ಆಡು ಬರುತ್ತವೆ ಎಂದಾಗ, ಗೇಟಿನಲ್ಲಿ ಒಂದು ಆಡೂ ಕಾಣಲಿಲ್ಲ, ಹಾಗಾದರೆ ಎಲ್ಲಿಂದ ಬರುತ್ತವೆ ಎಂದು ಕೇಳಬೇಕಿತ್ತು. ಸೀರೆಯಲ್ಲಿ ಒಂದು ಎಳೆ ಸಡಿಲಿದ್ದರೆ ಇಡೀ ಮಡಿಕೆ ಬಿಚ್ಚಿ ನೋಡುವವಳು ನಾನು. ಅವತ್ತು, "ಬರ್ಲಿ ಬಿಡ್ರಿ, ಅವೂ ಪುಕ್ಕಟ ಬರ್ತಾವ" ಎಂದು ನಕ್ಕು ಮುಂದೆ ಹೋದೆ.

ನಿಜ ಹೇಳಬೇಕೆಂದರೆ ಅವು ನನ್ನ ಬದುಕಿನ ಒಳ್ಳೆಯ ದಿನಗಳು. ಬುಧವಾರ ಒಂದು ಶಂಖದ ಹುಳ ಪೈಪಿನ ಈ ಬಾಯಿಂದ ಆ ಬಾಯಿಗೆ ಹೋಗುವುದನ್ನು ಇಬ್ಬರೂ ಕೂತು ನೋಡಿದೆವು. ಒಂದೂವರೆ ತಾಸು ಹಿಡಿಯಿತು. ಅಷ್ಟು ಹೊತ್ತು ಏನನ್ನೂ ಮಾರದೆ, ಏನನ್ನೂ ಕೊಳ್ಳದೆ ನಾನು ಕೂತದ್ದು ಬಾಣಂತನವನ್ನು ಬಿಟ್ಟರೆ ಅದೇ ಮೊದಲು. ಮಗುವಿನ ತಲೆ ನನ್ನ ತೊಡೆಯ ಮೇಲಿತ್ತು. ಗೋಡೆಯಾಚೆ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಮಹಾಂತೇಶ ಈ ವಯಸ್ಸಿನಲ್ಲಿ ಹುಳ ನೋಡಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.

ಗುರುವಾರ ಸಾನ್ವಿ ಪೈಪಿನೊಳಗೆ ಅಂಗಡಿ ತೆರೆದಳು. ಬಾದಾಮಿ ಎಲೆಗಳೇ ಸೀರೆ. ದಿನಾ ಮುಂದಿನ ಕೋಣೆಯಲ್ಲಿ ನನ್ನ ಬಾಜುವೇ ಕೂತು ನೋಡಿದ್ದಳು, ಸಂತೆಯ ಎರಡೂ ವಿದ್ಯೆಗಳ ಕತೆಯನ್ನು ನನ್ನ ಬಾಯಿಂದಲೇ ಕೇಳಿದ್ದಳಲ್ಲ, ಎಲೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನದನ್ನು ಕೈಯಿಂದ ಸವರಿ, "ಬರ್ರಿ ಅಕ್ಕಾರ, ಕುಂದರ್ರಿ. ತಗೋಬ್ಯಾಡ್ರಿ, ಬರೇ ನೋಡ್ರಿ. ನೋಡಾಕ ರೊಕ್ಕ ಇಲ್ಲ" ಎಂದಳು. ನನ್ನದೇ ಮಾತು, ನನ್ನದೇ ದನಿ, ಕೊನೆಯಲ್ಲಿ ನಾನು ಮೂಗೇರಿಸುವುದನ್ನೂ ಬಿಟ್ಟಿರಲಿಲ್ಲ. ಅವತ್ತು ಸಂಜೆ ಸವಿತಾಳಿಗೆ ಇದನ್ನೆಲ್ಲ ಮಾಡಿ ತೋರಿಸಿದೆ. ಅವಳು ನಕ್ಕಳು, ಆದರೆ ಬೇಗ ನಿಲ್ಲಿಸಿಬಿಟ್ಟಳು. ಬಸ್ಸಿನ ದಣಿವು ಎಂದುಕೊಂಡೆ.

ಶುಕ್ರವಾರ ಪರೀಕ್ಷೆಯ ಕೊನೆಯ ದಿನ. ಪಾಸಾದೆ ಎಂದೇ ನನ್ನ ನಂಬಿಕೆ. ಅಂಗಡಿ ತೆರೆಯಿತು. ನಾನು ಗಿರಾಕಿ. ಅಂಚಿನಲ್ಲಿ ಹಳದಿ ಗೆರೆಯಿದ್ದ, ನಡುವೆ ಅಪ್ಪಟ ಕುಂಕುಮದ ಬಣ್ಣದ ಒಂದು ಎಲೆಯನ್ನು ಎತ್ತಿ ಬೆಲೆ ಕೇಳಿದೆ.

"ಐದು ಕಲ್ಲು" ಎಂದಳು.

"ಐದ? ಮೂರು ಕೊಡ್ತೀನಿ."

"ಐದು."

"ನೋಡ್ರಿ ಅಕ್ಕಾರ, ಇಲ್ಲಿ ಸಣ್ಣ ತೂತು ಐತಿ. ಹುಳಾ ಹತ್ತಿದ ಮಾಲು. ಮೂರಕ್ಕ ಕೊಟ್ಟಬಿಡ್ರಿ."

"ಐದಂದ್ರ ಐದು. ಹುಳಾನೂ ನಂದ ಐತಿ."

ಕಲ್ಲು ಎಷ್ಟು ಬೇಕಾದರೂ ಬಿದ್ದಿದ್ದವು. ಬಗ್ಗಿ ಇನ್ನೆರಡು ಎತ್ತಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷದ ರೂಢಿ. ಹೇಳಿದ ಬೆಲೆಗೆ ಕೊಳ್ಳಲು ನನ್ನ ಕೈ ಬಾಗುವುದಿಲ್ಲ. ಎಲೆಯನ್ನು ಮಡಚಿಟ್ಟ ಹಾಗೆ ಇಟ್ಟು, ಎದ್ದು, ಬೆನ್ನು ತಿರುಗಿಸಿ ನಡೆದೆ. ಐದು ಹೆಜ್ಜೆ. ಕರೆಯಲಿಲ್ಲ. ಏಳು. ಇಲ್ಲ. ಹನ್ನೊಂದು. ಭಲೇ ಹುಡುಗಿ, ಗಟ್ಟಿ ಇದ್ದಾಳೆ ಎಂದು ಒಳಗೊಳಗೇ ಹಿಗ್ಗುತ್ತ ಆನೆಯ ಹಿಂದೆ ಹೋಗಿ ನಿಂತೆ. ಹದಿನಾಲ್ಕು ಹೆಜ್ಜೆ. ನನ್ನ ಸರ್ವೀಸಿನಲ್ಲಿ ಯಾರೂ ಅಷ್ಟು ದೂರ ಬಿಟ್ಟಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದು, ಸೋತೆ ಎಂದು ನಗುತ್ತ ತಿರುಗಿ ನೋಡಿದರೆ ಪೈಪು ಖಾಲಿ. ಮಗುವಿಲ್ಲ. ಎಲೆಗಳೂ ಇಲ್ಲ. ಗಂಟು ಕಟ್ಟಿ ಆಚೆ ದಿಕ್ಕಿಗೆ ನಡೆದುಬಿಟ್ಟಿದ್ದಳು, ನಾನು ಕಲಿಸಿದ ಹಾಗೆಯೇ, ತಿರುಗಿ ನೋಡದೆ.

ಮೊದಲು ಮೆಲ್ಲಗೆ ಕರೆದೆ. ಆಮೇಲೆ ಕೂಗಿದೆ. ಆಮೇಲೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕಾರಂಜಿಯೊಳಗಿನ ಗಾದಿ ಎತ್ತಿ ನೋಡಿದೆ. ನಾಲ್ಕು ವರ್ಷದ ಮಗು ಗಾದಿಯ ಕೆಳಗೆ ಯಾಕಿರುತ್ತಾಳೆ, ಆದರೂ ಎತ್ತಿದೆ. ಮಾಲಿ ಕಣ್ಣುಜ್ಜುತ್ತ ಓಡಿ ಬಂದ. "ಗಾಬರಿ ಆಗಬ್ಯಾಡ್ರಿ ಅಕ್ಕಾರ. ಕೂಸಿನ ಮೈಮ್ಯಾಲ ಅಂಗಿ ಯಾವ ಬಣ್ಣದ್ದಿತ್ತರಿ?"

ಹತ್ತು ವರ್ಷದ ಹಿಂದೆ ಖಾನಾಪುರದಲ್ಲಿ ಯಾರ ಮದುವೆಗೆ ಯಾವ ಅಂಚಿನ ಸೀರೆ ಕೊಟ್ಟೆ, ಸೆರಗಿನಲ್ಲಿ ನವಿಲಿತ್ತೋ ಮಾವಿನಕಾಯಿ ಇತ್ತೋ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎರಡು ತಾಸಿನ ಹಿಂದೆ ನನ್ನ ಕೈಯಿಂದಲೇ ಮೊಮ್ಮಗಳಿಗೆ ತೊಡಿಸಿದ ಅಂಗಿಯ ಬಣ್ಣ ನೆನಪಾಗಲಿಲ್ಲ. ಗುಂಡಿ ಹಾಕಿದ್ದು ನೆನಪಿತ್ತು. ಗುಂಡಿ ಹಾಕುವಾಗ ಬಾಗಿಲಲ್ಲಿ ನಿಂತಿದ್ದ ಗಿರಾಕಿಗೆ ಕೊನೆಯ ಬೆಲೆ ಹೇಳುತ್ತಿದ್ದದ್ದೂ ನೆನಪಿತ್ತು. "ಗೊತ್ತಿಲ್ಲರಿ" ಎಂದೆ. ಮಾಲಿ ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಅದನ್ನು ಯಾವ ಬೆಲೆಗೂ ಯಾರಿಗೂ ಮಾರಲಾರೆ.

ಹಿಂದಿನ ಗೋಡೆಯಲ್ಲಿ ಆಡು ಬರುವ ಬಿರುಕು ತೋರಿಸಿದವನು ಆತನೇ. ಆಡಿಗೂ ಮಗುವಿಗೂ ಸಾಕಾಗುವಷ್ಟಿತ್ತು, ನನಗೆ ಸಾಲದು. ಆದರೂ ತೂರಿದೆ. ಎಡಗಾಲಿನ ಚಪ್ಪಲಿ ಕಲ್ಲುಗಳ ಮಧ್ಯೆ ಸಿಕ್ಕಿ ಅಲ್ಲೇ ಉಳಿಯಿತು. ಆಚೆ ಒಂದು ಇಕ್ಕಟ್ಟಿನ ಓಣಿ, ಮೂರನೆಯ ಬಾಗಿಲಲ್ಲಿ ಮಗ್ಗದ ಸದ್ದು. ಕಟ್ಟೆಯ ಮೇಲೆ ಶಾಂತಕ್ಕ ಕೂತಿದ್ದಳು. ಅವಳ ಬಾಜು, ಬಿಸ್ಕಿಟು ತಿನ್ನುತ್ತ, ಸಾನ್ವಿ. ಅಂಗಿ ಹಳದಿ. ಹಳದಿ, ಬಿಳಿ ಚಿಕ್ಕೆ.

ಈ ಶಾಂತಕ್ಕ ಯಾರೆಂದು ಹೇಳಬೇಕು. ಹದಿನೆಂಟು ವರ್ಷ ನಾನು ಅವಳ ಮಗ್ಗದಿಂದ ಸೀರೆ ತಂದಿದ್ದೇನೆ. ಅಷ್ಟೂ ವರ್ಷ ಅವಳ ಬಾಗಿಲಿನಿಂದ ಎದ್ದು ನಡೆದಿದ್ದೇನೆ. ಪ್ರತಿ ಸಲ ಐದನೆಯ ಹೆಜ್ಜೆಗೆ ಅವಳು ಕರೆದಿದ್ದಾಳೆ. ಇವತ್ತು ನಾನು ಒಂದು ಕಾಲಿಗೆ ಚಪ್ಪಲಿ, ಕೂದಲಲ್ಲಿ ಹುಲ್ಲುಕಡ್ಡಿ, ಏದುಸಿರು ಬಿಡುತ್ತ ಅವಳ ಮುಂದೆ ನಿಂತಿದ್ದೆ. ಶಾಂತಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗುವಿನ ಹೆಗಲ ಮೇಲೆ ಕೈಯಿಟ್ಟು ಕೇಳಿದಳು: "ಗಂಗಕ್ಕಾ, ಇದನ್ನ ಎಷ್ಟಕ್ಕ ಕೊಡ್ಲಿ?"

"ನೀ ಹೇಳಿದಷ್ಟಕ್ಕ, ಶಾಂತಾ" ಎಂದೆ. ಆಮೇಲೆ ಕಟ್ಟೆಯ ಮೇಲೆ ಕೂತು ಅತ್ತೆ.

ಅವಳು ನಗಬೇಕೆಂದಿದ್ದಳು, ನನ್ನ ಮುಖ ನೋಡಿ ಬಿಟ್ಟಳು. "ಏ, ಚಾಷ್ಟಿ ಮಾಡಿದೆ ಮಾರಾಯ್ತಿ. ಕೂಸು ಎಲಿ ಮಾರ್ಕೋತ ಬಂತು, ಐದು ಕಲ್ಲಂತು. ಕೊಟ್ಟೆ. ನಿನ್ನ ಮೊಮ್ಮಗಳಂತ ಆಮ್ಯಾಲ ಗೊತ್ತಾತು. ಮೊದಲ ಗೊತ್ತಾಗಿದ್ರ ಎರಡು ಕಲ್ಲಿಗೆ ಕೇಳ್ತಿದ್ದೆ" ಎಂದು ನೀರು ತಂದುಕೊಟ್ಟಳು.

ಸಾನ್ವಿ ನನ್ನ ಮಡಿಲಿಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಆಯಿ, ಎಲ್ಲಾ ಮಾಲು ಹೋತು. ಇವರು ಕಮ್ಮಿ ಮಾಡ್ರಿ ಅನ್ನಲೇ ಇಲ್ಲ."

ಮನೆಗೆ ಬರುವ ದಾರಿಯಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆರೂವರೆಗೆ ಸವಿತಾ ಬರುತ್ತಾಳೆ, ಸುದ್ದಿ ತಿಳಿದರೆ ಸೋಮವಾರದಿಂದ ಮಗು ಡೇ ಕೇರಿಗೆ. ಓಣಿಯ ತಿರುವಿನಲ್ಲಿ ಬಗ್ಗಿ, "ಸಾನೂ, ಮಮ್ಮಿ ಮುಂದ ಹೇಳಬ್ಯಾಡ. ಚಾಕಲೇಟ್ ಕೊಡಸ್ತೀನಿ" ಎಂದೆ.

"ಎರಡು."

"ಆತು, ಎರಡು."

ಅವಳು ನಡೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಆಯಿ, ನೀ ಲಗೂನ ಒಪ್ಪಿದಿ" ಎಂದಳು. ಅಷ್ಟು ಬೇಗ ಒಪ್ಪಿದವರ ಕೈಯಲ್ಲಿ ಮಾಲು ಬಿಡಬಾರದು, ಅದು ನಾವು ಅಂದುಕೊಂಡದ್ದಕ್ಕಿಂತ ದುಬಾರಿ ಇರುತ್ತದೆ ಎಂದು ಹೇಳಿಕೊಟ್ಟವಳು ಬೇರೆ ಯಾರೂ ಅಲ್ಲ.

ಸವಿತಾ ಬಂದು ಚೀಲ ಇಳಿಸಿದ್ದಷ್ಟೇ. ಸಾನ್ವಿ ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ವ್ಯಾಪಾರ ಶುರುಮಾಡಿದಳು. "ಮಮ್ಮಿ, ನನ್ನ ಹಂತೇಲಿ ಒಂದು ಸುದ್ದಿ ಐತಿ. ಹೇಳಬ್ಯಾಡ ಅಂತ ಆಯಿ ಎರಡು ಚಾಕಲೇಟ್ ಕೊಡ್ತಾಳ. ನೀ ಎಷ್ಟು ಕೊಡ್ತಿ?"

ನಾನೇ ಎಲ್ಲವನ್ನೂ ಹೇಳಿದೆ. ಪೈಪು, ಎಲೆ, ಹದಿನಾಲ್ಕು ಹೆಜ್ಜೆ, ಅಂಗಿಯ ಬಣ್ಣ. ನಡುವೆ ಸಾನ್ವಿ ಒಂದೇ ತಿದ್ದುಪಡಿ ಮಾಡಿದಳು: "ನಾ ಕಳದಿರ್ಲಿಲ್ಲ. ಆಯಿ ಕಳದಿದ್ಲು." ಸವಿತಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ದಾರಿಯಿತ್ತು. ಸಿಟ್ಟಾದವರನ್ನು ಇಳಿಸುವುದು ನನಗೆ ಗೊತ್ತು. ಅವಳು ಮಗುವಿನ ಕಾಲು ತೊಳೆದು, ಒರೆಸಿ, ಆಮೇಲೆ ಹೇಳಿದಳು: "ಅತ್ತೀ, ಕಳದದ್ದಕ್ಕ ನಾ ಹೆದರಿಲ್ರಿ. ಯಾರ ಕೈಯಾಗಿದ್ರೂ ಕೂಸು ಒಮ್ಮೊಮ್ಮೆ ತಪ್ಪಿಸಿಕೋತೈತಿ. ಆದ್ರ ನಾಕು ವರ್ಷದಾಕಿ ನನಗ ಸುದ್ದಿ ಹೇಳಾಕ ರೇಟ್ ಕೇಳಾಕತ್ತಾಳ. ಅದಕ್ಕ ಹೆದರೇನಿ. ಸೋಮವಾರದಿಂದ ಡೇ ಕೇರ್."

"ವಾರಕ್ಕ ಮೂರು ದಿನ ನನಗ ಬಿಡು" ಎಂದೆ.

ಅವಳು ಕಾಲೊರೆಸಿದ ಬಟ್ಟೆಯನ್ನು ಮಡಚಿಟ್ಟು, ಎದ್ದು ಒಳಗೆ ನಡೆದಳು.

"ಎರಡು?" ಎಂದಿತು ನನ್ನ ಬಾಯಿ. ನಾನು ಹೇಳಲಿಲ್ಲ, ಬಾಯಿಯೇ ಹೇಳಿತು. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು.

ಇದೆಲ್ಲ ಆಗಿ ತಿಂಗಳಾಯಿತು. ಹನ್ನೆರಡೂವರೆಗೆ ಸಾಲಿಯ ಗಂಟೆ ನಮ್ಮ ಮನೆಯವರೆಗೂ ಕೇಳುತ್ತದೆ. ಆಗ ನಾನು ಯಾವುದಾದರೂ ಸೀರೆ ಬಿಚ್ಚಿ ಮತ್ತೆ ಮಡಚುತ್ತೇನೆ. ಡೇ ಕೇರಿನಲ್ಲಿ ಮಗು ಖುಷಿಯಾಗಿದ್ದಾಳಂತೆ. ಇದು ಒಳ್ಳೆಯ ಸುದ್ದಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ.

ನಿಮ್ಮ ಊರಿನಲ್ಲೂ ಯಾರೂ ಕಣ್ಣೆತ್ತಿ ನೋಡದ ಇಂಥದೊಂದು ಗಾರ್ಡನ್ ಇದ್ದೇ ಇರುತ್ತದೆ. ಮಗುವನ್ನು ಖಂಡಿತ ಕರೆದುಕೊಂಡು ಹೋಗಿ. ದೊಡ್ಡ ಗಾರ್ಡನ್ನಿಗಿಂತ ಅಲ್ಲಿ ನೋಡುವುದು ಹೆಚ್ಚು. ಆದರೆ ಮೊದಲು ನೀವೊಬ್ಬರೇ ಹೋಗಿ ಗೋಡೆಯನ್ನು ಪೂರ್ತಿ ಒಂದು ಸುತ್ತು ಹಾಕಿ, ಬಿರುಕು ಎಲ್ಲೆಲ್ಲಿದೆ ನೋಡಿಕೊಳ್ಳಿ. ಮಾಲಿ ಇದ್ದರೆ ಚಹಾ ಕೊಡಿಸಿ ಎಬ್ಬಿಸಿಟ್ಟುಕೊಳ್ಳಿ. ಮನೆ ಬಿಡುವ ಮುಂಚೆ ಅಂಗಿಯ ಬಣ್ಣವನ್ನು ಗಟ್ಟಿಯಾಗಿ ಎರಡು ಸಲ ಹೇಳಿಕೊಳ್ಳಿ. ಪಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳಿ. ಮಗು ಎಲೆ ಮಾರಿದರೆ ಕೇಳಿದಷ್ಟು ಕಲ್ಲು ಎಣಿಸಿ ಕೊಟ್ಟು, ಸೀರೆ ಬಹಳ ಚಂದ ಇದೆ ಎನ್ನಿ. ಮನೆಯಲ್ಲಿ ಹೇಳಬೇಕಾದ ಮಾತಿದ್ದರೆ ಮಗುವಿಗಿಂತ ಮೊದಲು ನೀವೇ ಹೇಳಿಬಿಡಿ. ಇಷ್ಟಾಗಿಯೂ ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ವಡಗಾವಿಗೆ ಬಂದು ಗಂಗಕ್ಕನ ಮನೆ ಯಾವುದು ಎಂದು ಕೇಳಿ. ಜೊತೆಗೆ ಬರುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ನನಗೆ ಕೆಲಸವೇನೂ ಇರುವುದಿಲ್ಲ.